‘ವರೆಗೆ’ ಎಂಬ ಮೂರಕ್ಷರ

ಭಾಷೆಯಲ್ಲಿ ದೊಡ್ಡ ಪದಗಳು ಮಾಡುವ ಮೋಸಕ್ಕಿಂತ ಸಣ್ಣ ಪದಗಳು ಮಾಡುವ ಮೋಸವು ಸೂಕ್ಷ್ಮವಾದುದು. ದೊಡ್ಡ ಪದವು ಎದುರಿಗೆ ಬಂದು ನಿಂತಾಗ ಕೇಳುವವನು ಎಚ್ಚರಗೊಳ್ಳುತ್ತಾನೆ. ಸಣ್ಣ ಪದವಾದರೋ ಮದುವೆಮನೆಗೆ ಕರೆಯದೆ ಬಂದ ಅತಿಥಿಯಂತೆ ಪಂಕ್ತಿಯ ತುದಿಯಲ್ಲಿ ಕುಳಿತು, ಪಾಯಸವನ್ನೂ ಮುಗಿಸಿ, ಯಾರ ಕಣ್ಣಿಗೂ ಬೀಳದೆ ಎದ್ದುಹೋಗುತ್ತದೆ. ‘ವರೆಗೆ’ ಎಂಬುದು ಅಂಥದೊಂದು ಪದ. ವ್ಯಾಕರಣದಲ್ಲಿ ಅದು ಅವ್ಯಯ. ಲಿಂಗ, ವಚನ, ವಿಭಕ್ತಿಗಳ ಗೊಡವೆ ಅದಕ್ಕಿಲ್ಲ. ವ್ಯಾಪಾರದಲ್ಲಿಯೂ ಅದು ಅವ್ಯಯವೇ. ಮಾರುವವನಿಗೆ ಅದರಿಂದ ಕಾಸಿನ ವ್ಯಯವೂ ಇಲ್ಲ!

ಬೆಂಗಳೂರಿನ ಮನೆಗಳ ಗೇಟಿಗೆ ಆಗಾಗ ಸಿಕ್ಕಿಸಿ ಹೋಗುವ ಬ್ರಾಡ್‌ಬ್ಯಾಂಡ್ ಕರಪತ್ರಗಳನ್ನು ನೋಡಬೇಕು. ‘ಸೆಕೆಂಡಿಗೆ 100 ಮೆಗಾಬಿಟ್ ವರೆಗೆ’ ಎಂಬ ಸಾಲಿನಲ್ಲಿ 100 ಎಂಬ ಅಂಕಿಯು ಅಂಗೈಯಗಲ. ‘ವರೆಗೆ’ ಎಂಬುದು ಸಾಸಿವೆಯಷ್ಟು. ಸಂಸಾರಸ್ಥರು ಅಂಗೈಯಗಲದ್ದನ್ನು ಓದಿ ಹಣ ಕಟ್ಟುತ್ತಾರೆ. ಸಾಸಿವೆಯಷ್ಟಿದ್ದುದನ್ನು ತಿಂಗಳಿಡೀ ಅನುಭವಿಸುತ್ತಾರೆ.

ಅಳತೆಯ ವಿಷಯದಲ್ಲಿ ನಮ್ಮ ಮನೆಗಳು ಎಂದೂ ಅಸಡ್ಡೆಯಿಂದಿದ್ದವಲ್ಲ. 1957ರ ಏಪ್ರಿಲ್ 1ರಂದು ನಯಾ ಪೈಸೆಯು ಬಂದಾಗ ಆಣೆಯ ಲೆಕ್ಕದಲ್ಲಿ ಬೆಳೆದ ಗೃಹಿಣಿಯರು ಕೆಲವೇ ದಿನಗಳಲ್ಲಿ ಹೊಸ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡರು. ಸೇರು, ಮಣ ಹೋಗಿ ಕಿಲೋಗ್ರಾಮು ಬಂದಾಗಲೂ ಅಂಗಡಿಯವನ ತಕ್ಕಡಿಯ ಮೇಲಿನ ಅವರ ದೃಷ್ಟಿ ಕದಲಲಿಲ್ಲ. ಆದರೆ ಮನೆಯೊಳಕ್ಕೆ ಗಾಜಿನ ಎಳೆಯೊಂದರಲ್ಲಿ ಹರಿದುಬರುವ ಈ ಹೊಸ ಸರಕಿಗೆ ತಕ್ಕಡಿಯು ಕಣ್ಣಿಗೆ ಕಾಣುವುದಿಲ್ಲ. ಮೊದಲನೆಯ ತೊಡಕು ಹೆಸರಿನಲ್ಲಿಯೇ ಇದೆ. ಕಂಪನಿಯು ಮಾರುವುದು ಬಿಟ್ಟಿನ ಲೆಕ್ಕದಲ್ಲಿ. ಚಿತ್ರವನ್ನೋ ಕಡತವನ್ನೋ ಇಳಿಸಿಕೊಳ್ಳುವಾಗ ಕಂಪ್ಯೂಟರು ತೋರಿಸುವುದು ಸಾಮಾನ್ಯವಾಗಿ ಬೈಟಿನ ಲೆಕ್ಕದಲ್ಲಿ. ಎಂಟು ಬಿಟ್ಟು ಕೂಡಿದರೆ ಒಂದು ಬೈಟು. ಆದುದರಿಂದ 100 ಮೆಗಾಬಿಟ್ಟಿನ ಸಂಪರ್ಕವು ಪೂರ್ಣ ವೇಗದಲ್ಲಿ ಓಡಿದರೂ ಸೆಕೆಂಡಿಗೆ 12.5 ಮೆಗಾಬೈಟನ್ನು ಮೀರದು. ಇದು ಮೋಸವಲ್ಲ, ಪರಿಭಾಷೆ. ತಿಳಿಯದವನಿಗೆ ಮಾತ್ರ ಎರಡೂ ಒಂದೇ.

ಈ ಸರಕಿನ ಚರಿತ್ರೆಯು ದೀರ್ಘವಾದುದಲ್ಲ. ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್ನೆಟ್ಟನ್ನು ತೆರೆದುಕೊಟ್ಟದ್ದು 1995ರ ಆಗಸ್ಟ್ 15ರಂದು. ಆಗ ದೂರವಾಣಿಯ ತಂತಿಯೇ ಮಾರ್ಗ. ಒಬ್ಬರು ಅದನ್ನು ಹಿಡಿದು ಕುಳಿತರೆ ಮನೆಗೆ ಫೋನು ಬಂದ್. 2004ರ ಸರ್ಕಾರಿ ನೀತಿಯು ಸೆಕೆಂಡಿಗೆ 256 ಕಿಲೋಬಿಟ್ಟು ಇದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದೆಂದಿತು. 2013ರಲ್ಲಿ ಆ ಗೆರೆ 512ಕ್ಕೆ ಏರಿತು. 2023ರಲ್ಲಿ 2 ಮೆಗಾಬಿಟ್ಟಿಗೆ ಬಂದು ನಿಂತಿತು. ಗೆರೆಯು ಎರಡರಲ್ಲಿ, ಕರಪತ್ರವು ಮುನ್ನೂರರಲ್ಲಿ! ನಡುವಿನ ವಿಶಾಲವಾದ ಬಯಲಿನಲ್ಲಿಯೇ ನಮ್ಮ ಸಂಸಾರಗಳು ವಾಸಿಸುತ್ತಿವೆ.

ಆ ಬಯಲಿನಲ್ಲಿ ಒಂದು ಮನೆ ಜಯನಗರದಲ್ಲಿದೆ. ಯಜಮಾನರು ಲೆಕ್ಕಪತ್ರ ಇಲಾಖೆಯಿಂದ ನಿವೃತ್ತರಾದವರು. ಬೀದಿಯವರಿಗೆಲ್ಲ ಅವರು ‘ರಾಯರು’. ಮಗಳು ಅಳಿಯ ಕ್ಯಾಲಿಫೋರ್ನಿಯದಲ್ಲಿ. ಐದು ವರ್ಷದ ಮೊಮ್ಮಗಳಿಗೆ ಅಜ್ಜಿಯು ಪ್ರತಿರಾತ್ರಿ ಒಂಬತ್ತಕ್ಕೆ, ಅಂದರೆ ಅಲ್ಲಿಯ ಬೆಳಗಿನ ಹೊತ್ತಿಗೆ, ಒಂದು ಕಥೆಯನ್ನು ಹೇಳುವುದು ವಾಡಿಕೆ. ಆ ಮಗುವಿಗೆ ದಿನದಲ್ಲಿ ತುಂಬು ಕನ್ನಡವು ಕಿವಿಗೆ ಬೀಳುವುದು ಆ ಕಾಲು ಗಂಟೆ ಮಾತ್ರ.

ಒಂದು ರಾತ್ರಿ ಕಾಗಕ್ಕ ಗುಬ್ಬಕ್ಕನ ಕಥೆ ನಡೆಯುತ್ತಿತ್ತು. ಮಳೆಯಲ್ಲಿ ಮನೆ ಕಳೆದುಕೊಂಡ ಕಾಗಕ್ಕ ಗುಬ್ಬಕ್ಕನ ಬಾಗಿಲನ್ನು ತಟ್ಟುತ್ತಿದ್ದಳು. ಪರದೆಯ ಮೇಲೆ ಮಗುವು ಕಣ್ಣರಳಿಸಿ ಕುಳಿತಿತ್ತು. ಅಜ್ಜಿ ಉತ್ಸಾಹದಿಂದ ಎರಡೂ ಹಕ್ಕಿಗಳ ಧ್ವನಿಯಲ್ಲಿ ಮಾತಾಡಿ ಕಥೆಯನ್ನು ಮುಗಿಸಿದರು. ಮಗುವು ನಗಲಿಲ್ಲ, ಕಣ್ಣನ್ನೂ ಮಿಟುಕಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಚಿತ್ರವು ಜಗ್ಗಿ ಚಲಿಸಿತು, ಕುರ್ಚಿ ಬರಿದಾಗಿತ್ತು.

“ಏನೂಂದ್ರೆ, ಮಗು ನನ್ನನ್ನೇ ನೋಡ್ತಾ ಇದೆ ಅಂದುಕೊಂಡಿದ್ದೆ. ಅದು ಎದ್ದು ಹೋಗಿ ಎಷ್ಟು ಹೊತ್ತಾಗಿತ್ತೋ!” ಎಂದರು ಆಕೆ. ಅದಾದ ಮೇಲೆ ನಾಲ್ಕು ರಾತ್ರಿ ಆಕೆ ಕಥೆಯನ್ನೇ ಹೇಳಲಿಲ್ಲ.

ರಾಯರು ಕಂಪನಿಗೆ ದೂರಿದರು. ಮರುದಿನ ಹನ್ನೊಂದು ಗಂಟೆಗೆ ಹುಡುಗನೊಬ್ಬನು ಬಂದು, ನಡುಮನೆಯ ಟೀವಿಯ ಪಕ್ಕದಲ್ಲಿದ್ದ ರೌಟರಿನ ಮುಂದೆಯೇ ನಿಂತು ತನ್ನ ಫೋನಿನಲ್ಲಿ ವೇಗವನ್ನು ಅಳೆದನು. “ನೋಡಿ ಸಾರ್, ನಮ್ಮ ಕಡೆಯಿಂದ ಫುಲ್ ಸ್ಪೀಡ್ ಬರ್ತಿದೆ” ಎಂದನು. ಸಂಜೆ ಕಂಪನಿಯ ಕಚೇರಿಯಿಂದ ಬಂದ ಕರೆಯು, ಇನ್ನೂ ಹೆಚ್ಚು ವೇಗ ಬೇಕಾದರೆ 300ರ ಪ್ಲಾನಿಗೆ ಬದಲಾಯಿಸಬಹುದೆಂದು ವಿನಯದಿಂದ ಸೂಚಿಸಿತು.

ಹುಡುಗನು ಸುಳ್ಳು ಹೇಳಿರಲಿಲ್ಲ. ಕಥೆ ನಿಂತದ್ದೂ ಸುಳ್ಳಲ್ಲ. ಎರಡು ಸತ್ಯಗಳು ಹೀಗೆ ಎದುರುಬದುರಾಗಿ ನಿಂತಾಗ ಲೆಕ್ಕಿಗನಾದವನು ಮಾಡುವುದು ಒಂದೇ: ಪುಸ್ತಕ ತೆರೆಯುವುದು. ರಾಯರು ನೋಟುಪುಸ್ತಕದಲ್ಲಿ ಗೆರೆ ಎಳೆದು ಕಾಲಂಗಳನ್ನು ಮಾಡಿದರು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂಬತ್ತು ಎಂದು ಮೂರು ಹೊತ್ತು. ರೌಟರಿಗೆ ತಂತಿ ಜೋಡಿಸಿ, ನಡುಮನೆಯಲ್ಲಿ ವೈಫೈ ಮೂಲಕ, ಹಿಂದಿನ ಕೋಣೆಯಲ್ಲಿ ವೈಫೈ ಮೂಲಕ ಎಂದು ಮೂರು ಸ್ಥಾನ. ಮಹಡಿಯ ಮೇಲೆ ಬಾಡಿಗೆಗಿದ್ದ ಸಾಫ್ಟ್‌ವೇರ್ ಇಂಜಿನಿಯರ್ ತರುಣಿಯು ಅದನ್ನು ನೋಡಿ, “ಅಂಕಲ್, ಇನ್ನೆರಡು ಕಾಲಂ ಹಾಕಿ. ಡೌನ್‌ಲೋಡ್ ಒಂದೇ ಬರೆದರೆ ಸಾಲದು, ಅಪ್‌ಲೋಡ್, ಪಿಂಗ್ ಎರಡೂ ಬೇಕು” ಎಂದಳು. “ಅದೇನಮ್ಮ ಅದು?” ಎಂದು ಕೇಳಿದಾಗ ಆಕೆ ವಿವರಿಸಿದಳು. ಕರಪತ್ರದ ದೊಡ್ಡ ಅಂಕಿಯು ಮನೆಗೆ ಇಳಿದುಬರುವುದರ ವೇಗ. ಅಜ್ಜಿಯ ಧ್ವನಿಯಾದರೋ ಮನೆಯಿಂದ ಏರಿ ಹೋಗತಕ್ಕದ್ದು. ಎರಡನ್ನೂ ಸಮವಾಗಿ ಕೊಡುವ ಫೈಬರ್ ಪ್ಲಾನುಗಳು ಉಂಟು. ಏರುವ ದಾರಿಯನ್ನು ಬಹಳ ಕಿರಿದು ಮಾಡಿರುವ ಸಂಪರ್ಕಗಳೂ ಉಂಟು. ಪಿಂಗ್ ಎಂಬುದು ಹೋಗಿಬರುವ ಹೊತ್ತು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರವಾಗಿ ಅಳೆದರೂ ಸುಮಾರು 14,000 ಕಿಲೋಮೀಟರು. ಹೋಗಿ ಬರಲು ಸೆಕೆಂಡಿನ ಏಳನೆಯ ಒಂದು ಭಾಗವಾದರೂ ಬೇಕೇ ಬೇಕು. ಯಾವ ಕಂಪನಿಗೆ ಎಷ್ಟು ಹಣ ಕೊಟ್ಟರೂ ಅದು ಕಡಿಮೆಯಾಗದು.

ಒಂದು ವಾರ ಕಳೆಯುವಷ್ಟರಲ್ಲಿ ಪುಸ್ತಕವು ತಾನೇ ಮಾತಾಡತೊಡಗಿತು. ತಂತಿಯಲ್ಲಿ ಬೆಳಿಗ್ಗೆ 95ರ ಹತ್ತಿರ. ಅದೇ ತಂತಿಯಲ್ಲಿ ರಾತ್ರಿ 40. ಹಿಂದಿನ ಕೋಣೆಯಲ್ಲಿ ಬೆಳಿಗ್ಗೆಯೇ 25; ರಾತ್ರಿ ಒಂದಂಕಿ, ಏರುವ ದಾರಿಯಲ್ಲಿ ಎರಡು. ಅಜ್ಜಿಯು ಕಥೆಗೆ ಕುಳಿತುಕೊಳ್ಳುತ್ತಿದ್ದುದು ಹಿಂದಿನ ಕೋಣೆಯಲ್ಲಿ; ಹೊತ್ತು ರಾತ್ರಿ ಒಂಬತ್ತು. ಕಂಪನಿಯ ಹುಡುಗನು ಅಳೆದದ್ದು ನಡುಮನೆಯಲ್ಲಿ, ಬೆಳಗಿನ ಹನ್ನೊಂದರಲ್ಲಿ. ನೀರು ಬಂದಿದೆಯೇ ಎಂದು ಕೇಳಿದರೆ ತೊಟ್ಟಿಯನ್ನು ತೋರಿಸಿ ಹೋದಂತೆ ಆಗಿತ್ತು. ನಲ್ಲಿಯನ್ನು ಯಾರೂ ತಿರುಗಿಸಿ ನೋಡಿರಲಿಲ್ಲ.

ವೇಗವು ಸೋರಿಹೋಗುವ ಸ್ಥಳಗಳು ಮೂರು. ಮೊದಲನೆಯದು ಮನೆಯೇ. ವೈಫೈಗೆ ಸಾಮಾನ್ಯವಾಗಿ ಎರಡು ಮಾರ್ಗಗಳು. 2.4 ಗಿಗಾಹರ್ಟ್ಜಿನದು ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ನಿಧಾನ. ಅಕ್ಕಪಕ್ಕದ ಮನೆಗಳ ರೌಟರುಗಳೆಲ್ಲ ಅದರಲ್ಲಿಯೇ ನೂಕಾಡುತ್ತವೆ, ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಅದೇ ಅಲೆಯಲ್ಲಿ ಗದ್ದಲ ಮಾಡುತ್ತದೆ. 5 ಗಿಗಾಹರ್ಟ್ಜಿನದು ವೇಗವಾದುದು, ಆದರೆ ಹಳೆಯ ಕಾಲದ ದಪ್ಪ ಗೋಡೆಯೆರಡು ಅಡ್ಡ ಬಂದರೆ ಸೋಲುತ್ತದೆ. ಇನ್ನು ರೌಟರಿನ ತಂತಿಯ ಕಿಂಡಿಯೇ 100ಕ್ಕೆ ಮಿತಿಯಾದುದಾದರೆ 300ರ ಪ್ಲಾನು ತೆಗೆದುಕೊಂಡರೂ ತಂತಿಯಲ್ಲಿ ಬರುವುದು 95ರ ಸಮೀಪವೇ.

ಎರಡನೆಯದು ಬೀದಿ. ಮನೆಮನೆಗೆ ಬರುವ ಫೈಬರಿನಲ್ಲಿ ಬಹುವಾಗಿ ಬಳಕೆಯಲ್ಲಿರುವ ಜಿಪಾನ್ ಎಂಬ ಏರ್ಪಾಡಿನಲ್ಲಿ ಒಂದು ಎಳೆಯ ಇಳಿಯುವ ಶಕ್ತಿ ಸೆಕೆಂಡಿಗೆ ಸುಮಾರು 2,488 ಮೆಗಾಬಿಟ್ಟು. ಏರುವುದು ಅದರ ಅರ್ಧ. ಅದನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಕವಲೊಡೆಯುತ್ತಾರೆ. 32 ಮನೆಗಳೂ ಒಂದೇ ಕ್ಷಣದಲ್ಲಿ ಕೈಯೊಡ್ಡಿದರೆ ಮನೆಗೆ 78ಕ್ಕೂ ಸ್ವಲ್ಪ ಕಡಿಮೆ. ಎಲ್ಲರೂ ಹೀಗೆ ಒಟ್ಟಿಗೆ ಕೇಳುವುದು ಅಪರೂಪವಾದ್ದರಿಂದ ಏರ್ಪಾಡು ನಡೆಯುತ್ತದೆ. ನಿಜವಾದ ಇಕ್ಕಟ್ಟು ಎಷ್ಟೋ ವೇಳೆ ಬಡಾವಣೆಯಿಂದ ಹೊರಗೆ ಹೋಗುವ ಹೆದ್ದಾರಿಯಲ್ಲಿ. ಅಲ್ಲಿ ಕಂಪನಿಯು ಎಷ್ಟು ಅಗಲವಾದ ದಾರಿಯನ್ನು ಕೊಂಡಿದೆಯೆಂಬುದು, ಊರೆಲ್ಲ ಊಟ ಮುಗಿಸಿ ಸಿನಿಮಾ ಹಚ್ಚುವ ಹೊತ್ತಿಗೆ ತಿಳಿಯುತ್ತದೆ. ತಂತಿಯಿಲ್ಲದೆ 5ಜಿ ಗೋಪುರದಿಂದ ಮನೆಗೆ ಬರುವ ಹೊಸ ಸಂಪರ್ಕಗಳಿಗೂ ಇದೇ ನ್ಯಾಯ. ಆ ಗೋಪುರಕ್ಕೆ ಬೀದಿಯ ಮೊಬೈಲುಗಳೂ ಪಾಲುದಾರರು.

ಮೂರನೆಯದು ದೂರ. ವೇಗ ಅಳೆಯುವ ಸಾಧನಗಳಲ್ಲಿ ಪ್ರಸಿದ್ಧವಾದ ಊಕ್ಲಾ ಸ್ಪೀಡ್‌ಟೆಸ್ಟು ತಾನಾಗಿ ಆರಿಸಿಕೊಳ್ಳುವುದು ಹತ್ತಿರದ ಸರ್ವರನ್ನು. ಅದು ಎಷ್ಟೋ ಸಲ ಅದೇ ಕಂಪನಿಯ ಅಂಗಳದಲ್ಲಿಯೇ ಇರುತ್ತದೆ. ನೆಟ್‌ಫ್ಲಿಕ್ಸಿನ ಫಾಸ್ಟ್ ಡಾಟ್ ಕಾಮ್ ಅಳೆಯುವುದು ತನ್ನ ಸರ್ವರುಗಳಿಂದ. ಎರಡನ್ನೂ ನೋಡಿ, ಸ್ಪೀಡ್‌ಟೆಸ್ಟಿನಲ್ಲಿ ದೂರದ ಊರೊಂದನ್ನು ಕೈಯಾರೆ ಆರಿಸಿ ಮತ್ತೊಮ್ಮೆ ಅಳೆದರೆ ಮಾತ್ರ ಚಿತ್ರ ಪೂರ್ಣವಾದೀತು.

ರಾಯರು 300ರ ಪ್ಲಾನಿಗೆ ಹೋಗಲಿಲ್ಲ. ವಿಡಿಯೋ ಮಾತುಕತೆಗೆ ಬೇಕಾಗುವುದು ನಾಲ್ಕೈದು ಮೆಗಾಬಿಟ್ಟು. ಅತ್ಯುತ್ತಮವಾದ 4ಕೆ ಚಿತ್ರಕ್ಕೂ ನೆಟ್‌ಫ್ಲಿಕ್ಸು ಕೇಳುವುದು 15. ಕೊರತೆಯಿದ್ದುದು ವೇಗದ್ದಲ್ಲ, ನೆಚ್ಚಿಕೆಯದು. ಅವರು ಮೊದಲು ಹಿಂದಿನ ಕೋಣೆಗೆ ಒಂದು ತಂತಿಯನ್ನು ಎಳೆಸಿದರು. ಬೆಳಗಿನ ಅಂಕಿ ಏರಿತು. ರಾತ್ರಿಯದು ಮಾತ್ರ ನಲವತ್ತರ ಆಚೀಚೆ ಓಲಾಡುತ್ತ ಆಗಾಗ ಮುಗ್ಗರಿಸುತ್ತಿತ್ತು. ಎಂದರೆ ಮನೆಯ ದೋಷ ಕಳೆಯಿತು, ಬೀದಿಯ ದೋಷ ಉಳಿಯಿತು.

ಆಗ ಅವರು ಪುಸ್ತಕವನ್ನು ಕಂಕುಳಲ್ಲಿರಿಸಿಕೊಂಡು ಬೀದಿಗಿಳಿದರು. ಬೆಂಗಳೂರಿನಲ್ಲಿ ಆಯ್ಕೆಗೆ ಬರಗಾಲವಿಲ್ಲ. ಈ ಊರಿನದೇ ಆದ ಆ್ಯಕ್ಟ್ ಉಂಟು, ಏರ್‌ಟೆಲ್ ಉಂಟು, 2019ರ ಸೆಪ್ಟೆಂಬರಿನಲ್ಲಿ ಕಾಲಿಟ್ಟ ಜಿಯೋ ಫೈಬರ್ ಉಂಟು, ಸರ್ಕಾರದ ಬಿಎಸ್‌ಎನ್‌ಎಲ್ ಉಂಟು, ಬಡಾವಣೆಯ ಕೇಬಲ್ಲಿನವರೂ ಉಂಟು. ಯಾವುದು ಒಳ್ಳೆಯದೆಂದು ಹತ್ತು ಮಂದಿಯನ್ನು ಕೇಳಿದರೆ ಹನ್ನೊಂದು ಉತ್ತರ ಬರುತ್ತದೆ. ರಾಯರು ಹಾಗೆ ಕೇಳಲಿಲ್ಲ. ‘ರಾತ್ರಿ ಒಂಬತ್ತರಿಂದ ಹತ್ತರವರೆಗೆ ನಿಮ್ಮ ಮನೆಯಲ್ಲಿ ಚಿತ್ರ ನಿಲ್ಲುತ್ತದೆಯೇ? ರಸ್ತೆ ಅಗೆದು ಕೇಬಲ್ ತುಂಡಾದಾಗ ಎಷ್ಟು ದಿನಕ್ಕೆ ಸರಿಮಾಡಿದರು? ಫೋನ್ ಮಾಡಿದರೆ ಮನುಷ್ಯರು ಉತ್ತರ ಕೊಡುತ್ತಾರೆಯೇ?’ ಎಂಬ ಮೂರೇ ಪ್ರಶ್ನೆಗಳನ್ನು ಆರು ಮನೆಗಳಲ್ಲಿ ಕೇಳಿದರು. ಬಿಲ್ಲನ್ನೂ ತರಿಸಿ ನೋಡಿದರು: ಕರಪತ್ರದ ಬೆಲೆಯ ಮೇಲೆ ಶೇಕಡಾ 18 ಜಿಎಸ್‌ಟಿ, ಕೆಲವರಲ್ಲಿ ಆರು ತಿಂಗಳ ಮುಂಗಡ, ‘ಅನ್‌ಲಿಮಿಟೆಡ್’ ಎಂಬುದರ ಹಿಂದೆ ಒಂದು ಮಿತಿ, ಅದನ್ನು ದಾಟಿದರೆ ಕುಂಟುವ ವೇಗ. ಆ ಮಿತಿಯನ್ನೂ ಆಮೇಲಿನ ವೇಗವನ್ನೂ ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2016ರಲ್ಲಿಯೇ ಆದೇಶಿಸಿದೆ. ಕೇಳುವ ಹಕ್ಕು ಗ್ರಾಹಕನಿಗಿದೆ, ಕೇಳುವ ವ್ಯವಧಾನ ಮಾತ್ರ ಕಡಿಮೆ.

ಆರು ಮನೆಗಳಲ್ಲಿ ಮೂರಕ್ಕೆ ಒಂದೇ ಕಂಪನಿಯ ಸಂಪರ್ಕವಿತ್ತು; ಆ ಮೂರರಲ್ಲಿಯೂ ರಾತ್ರಿಯ ಚಿತ್ರ ನಿಲ್ಲುತ್ತಿರಲಿಲ್ಲ. ರಾಯರು ಅದನ್ನೇ, ಮುಂಗಡವಿಲ್ಲದೆ ಒಂದು ತಿಂಗಳ ಮಟ್ಟಿಗೆ ಹಾಕಿಸಿದರು. ಅದೇ ಕಂಪನಿಯ ಬಗ್ಗೆ ಮಲ್ಲೇಶ್ವರದಲ್ಲಿರುವ ಅವರ ಷಡ್ಡಕರು ಶಾಪ ಹಾಕುತ್ತಾರೆ. ಇದರಲ್ಲಿ ವಿರೋಧವೇನೂ ಇಲ್ಲ. ‘ಬೆಂಗಳೂರಿಗೆ ಒಳ್ಳೆಯ ಕಂಪನಿ’ ಎಂಬುದೊಂದಿಲ್ಲ. ‘ಈ ಬೀದಿಗೆ, ಈ ಹೊತ್ತಿಗೆ ಒಳ್ಳೆಯದು’ ಎಂಬುದುಂಟು. ಅದನ್ನು ಬಲ್ಲವರು ನೆರೆಯವರು.

ಬ್ರಿಟನ್ನಿನಲ್ಲಿ ಹಿಂದೆ ಶೇಕಡಾ 10ರಷ್ಟು ಗ್ರಾಹಕರಿಗೆ ದೊರೆಯುವ ವೇಗವನ್ನೇ ‘ವರೆಗೆ’ ಎಂದು ಸಾರಬಹುದಾಗಿತ್ತು. 2018ರ ಮೇ ತಿಂಗಳಿನಿಂದ ಅಲ್ಲಿಯ ನಿಯಮ ಬೇರೆ: ರಾತ್ರಿ 8ರಿಂದ 10ರ ದಟ್ಟಣೆಯ ಹೊತ್ತಿನಲ್ಲಿ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ದೊರೆಯುವ ವೇಗವನ್ನು ಮಾತ್ರ ಜಾಹೀರಾತಿನಲ್ಲಿ ಹೇಳಬಹುದು. ಹೊತ್ತನ್ನು ಹೆಸರಿಸಿದೊಡನೆ ಅಳತೆಗೆ ಮಾನ ಬರುತ್ತದೆ. ನಮ್ಮ ಕರಪತ್ರಗಳಿಗೂ ಅಂಥ ಮಾನ ಬರುವತನಕ ಮನೆಯ ತಕ್ಕಡಿಯನ್ನು ಮನೆಯವರೇ ಹಿಡಿಯಬೇಕು.

ಜಯನಗರದ ಆ ಮನೆಯಲ್ಲಿ ಈಗ ಕಾಗಕ್ಕನಿಗೆ ಗುಬ್ಬಕ್ಕ ಬಾಗಿಲು ತೆರೆಯುತ್ತಾಳೆ. ಮಗುವು ಕಥೆಯ ನಡುವೆ “ಆಮೇಲೆ?” ಎಂದು ಕೇಳುವುದು ಅಜ್ಜಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ರಾಯರ ನೋಟುಪುಸ್ತಕವು ಎದುರುಮನೆಗೆ ಎರವಲು ಹೋಗಿದೆ. ಅಲ್ಲಿಯ ಹುಡುಗನಿಗೆ ಆನ್‌ಲೈನಿನಲ್ಲಿ ಕೆಲಸದ ಸಂದರ್ಶನವಿದೆಯಂತೆ. ಕೊಡುವಾಗ ರಾಯರು ಮೊದಲ ಪುಟದ ಮೇಲೆ ‘ಹೊತ್ತು ಬರೆಯುವುದನ್ನು ಮರೆಯತಕ್ಕದ್ದಲ್ಲ’ ಎಂದು ಕೆಂಪು ಶಾಯಿಯಲ್ಲಿ ಬರೆದುಕೊಟ್ಟಿದ್ದಾರೆ.