ಹುಳ ಇಲ್ಲದ ನೀರು

ಹೋದ ಡಿಸೆಂಬರ್‌ನಲ್ಲಿ ಆಫೀಸಿನವರ ಜೊತೆ ಕುದುರೆಮುಖದ ಕಡೆ ಹೋಗಿದ್ದೆ. ಹಳ್ಳದಲ್ಲಿ ಕಾಲು ಇಳಿಬಿಟ್ಟು ಕೂತವನು ಸುಮ್ಮನೆ ಒಂದು ಕಲ್ಲು ಎತ್ತಿದೆ. ಅಡಿಯಲ್ಲಿ ಬೆರಳುದ್ದದ ಕಂದು ಹುಳ. ಹೊಟ್ಟೆಯ ಎರಡೂ ಬದಿ ಜರಿಯ ಕಾಲಿನಂಥ ಎಳೆಗಳು, ಮುಂದೆ ಇಕ್ಕಳದಂಥ ದವಡೆ.

‘ಡಾಬ್ಸನ್‌ಫ್ಲೈ ಮರಿ, ಕಚ್ಚುತ್ತೆ, ಬಿಡು’ ಅಂದಳು ಹುಳಗಳ ಹುಚ್ಚಿನ ಗೆಳತಿ. ಇದು ವರ್ಷಗಟ್ಟಲೆ ನೀರಲ್ಲಿ ಬೇಟೆಯಾಡಿ ಬೆಳೆದು, ದಡದ ಮಣ್ಣಲ್ಲಿ ಕೋಶವಾಗುತ್ತದೆ. ರೆಕ್ಕೆ ಬಂದ ಮೇಲೆ ಬದುಕು ಕೆಲವೇ ದಿನ. ಹರಿಯುವ, ಆಮ್ಲಜನಕ ತುಂಬಿದ ನೀರೇ ಬೇಕು. ಹಳ್ಳದ ಆರೋಗ್ಯ ನೋಡುವವರು ಇಂಥ ಹುಳಗಳನ್ನೂ ಎಣಿಸ್ತಾರೆ.

ನನಗೆ ನಿಡೋಣಿಯ ನಮ್ಮ ಬಾವಿ ನೆನಪಾಯ್ತು. ಅದು ನಿಂತ ನೀರು, ಅಲ್ಲಿ ಡಾಬ್ಸನ್‌ಫ್ಲೈ ಎಲ್ಲಿಂದ ಬರಬೇಕು? ಆದರೆ ಕೊಡದೊಳಗೆ ಹೆಲಿಕಾಪ್ಟರ್ ಹುಳದ ಮರಿ ಬರ್ತಿತ್ತು. ನಾನು ಚೀರಿದರೆ ಆಯಿ, ‘ಹುಳಾ ಬದುಕ್ಯಾವಂದ್ರ ನೀರು ಛಲೋ ಅದಾವ’ ಅಂತ ಅರಿವೆಯಲ್ಲಿ ಸೋಸ್ತಿದ್ದಳು. ಬಿಇ ಮುಗಿಸಿದ ಮೇಲೂ ಅದನ್ನು ಮುದುಕಿಯ ಮಾತು ಅಂತಲೇ ಅಂದುಕೊಂಡಿದ್ದೆ.

ನಡುವೆ ಬಾವಿ ಬತ್ತಿತ್ತು. ಏತ ನೀರಾವರಿಯಲ್ಲಿ ಕೃಷ್ಣೆಯ ನೀರು ನಮ್ಮ ಭಾಗದ ಕೆರೆಗಳಿಗೆ ಬಂದ ಮೇಲೆ ಮತ್ತೆ ತುಂಬಿದೆ. ಆ ರಾತ್ರಿ ಅವ್ವನಿಗೆ ಫೋನ್ ಮಾಡಿದೆ.

‘ಬಾವ್ಯಾಗ ಹುಳಾ ಅದಾವೇನವ್ವಾ?’

‘ಒಂದೂ ಇಲ್ಲಪಾ, ನೀರು ಕನ್ನಡಿ ಆಗ್ಯಾವ. ನಿಮ್ಮಪ್ಪಾರು ದ್ರಾಕ್ಷಿಗೆ ಎಣ್ಣಿ ಹೊಡ್ಯೋ ಪಂಪು ಅಲ್ಲೇ ತೊಳೀತಾರ. ಸೊಳ್ಳಿ ಸೈತ ಇಲ್ಲ.’

ಅವಳಿಗದು ಖುಷಿಯ ಸುದ್ದಿ. ನನ್ನ ಕಾಲೇಜಿನ ಫೀಸು ಕಟ್ಟಿದ್ದೂ ಅದೇ ದ್ರಾಕ್ಷಿ. ಅಪ್ಪನಿಗೆ ಏನಂತ ಹೇಳಲಿ?

‘ಆ ನೀರು ಕುಡ್ಯಾಕ ತರಬ್ಯಾಡವ್ವಾ’ ಅಂದೆ. ಅಷ್ಟೇ ಅನ್ನೋಕೆ ಆಯ್ತು.