ಬಾಡಿಗೆ ಮನೆಯ ಲೆಕ್ಕವೂ ಗೃಹಸ್ಥನ ವ್ರತವೂ

ವ್ಯಾಪಾರದ ಭಾರವನ್ನು ಮಕ್ಕಳಿಗೆ ಒಪ್ಪಿಸಿ ವಿಶ್ರಾಂತಿಯನ್ನು ಬಯಸುವ ಗೃಹಸ್ಥನಲ್ಲಿ ಎರಡು ಆಸೆಗಳು ಸಹಜ. ದುಡಿಮೆ ನಿಂತರೂ ವರಮಾನ ನಿಲ್ಲಬಾರದೆಂಬುದು ಒಂದು. ಕಣ್ಣಿಗೆ ಕಾಣುವ ಆಸ್ತಿಯೊಂದು ಮುಂದಿನ ತಲೆಮಾರಿಗೆ ದಾಟಬೇಕೆಂಬುದು ಇನ್ನೊಂದು. ಈ ಎರಡಕ್ಕೂ ಒಂದೇ ಉತ್ತರವೆಂಬಂತೆ ಒದಗುವುದು ಬಾಡಿಗೆಗೆ ಕೊಡುವ ಮನೆ ಅಥವಾ ಮಳಿಗೆ. ಮನೆಯ ಮೇಲೆ ಹಾಕಿದ ಹಣ ಎಲ್ಲಿಗೂ ಓಡಿಹೋಗುವುದಿಲ್ಲವೆಂಬ ನಂಬಿಕೆ ವರ್ತಕ ಕುಟುಂಬಗಳಲ್ಲಿ ಬಲವಾಗಿ ಬೇರೂರಿದೆ. ಮನೆ ಓಡುವುದಿಲ್ಲವೆಂಬುದು ನಿಜ. ಆದರೆ ಆ ಊರಿನ ಜೀವನೋಪಾಯ ಊರನ್ನು ಬಿಟ್ಟು ಹೋಗಬಹುದು. ಬಾಡಿಗೆಯ ಒಂದು ಪಾಲು ತೆರಿಗೆಯಾಗಿ ಹೊರಗೆ ಹೋಗುವುದಂತೂ ನಿಶ್ಚಿತ. ಈ ಎರಡನ್ನೂ ಎಣಿಸದೆ ಮನೆ ಕೊಂಡವನು ಮುಂದೆ ತನ್ನ ಲೆಕ್ಕವನ್ನು ಸರಿದೂಗಿಸಲು ಅಡ್ಡದಾರಿಯನ್ನು ಹುಡುಕತೊಡಗುತ್ತಾನೆ. ಆದುದರಿಂದ ಇದು ಹಣಕಾಸಿನ ವಿಚಾರವಷ್ಟೇ ಅಲ್ಲ, ಆಚಾರದ ವಿಚಾರವೂ ಹೌದು.

ಬಾಡಿಗೆ ಮನೆಯಿಂದ ಪಾಲು ಪಡೆಯುವ ಕೈಗಳು ಮೂರು. ಕೊಳ್ಳುವಾಗ ರಾಜ್ಯ ಸರ್ಕಾರ, ಪ್ರತಿವರ್ಷ ಸ್ಥಳೀಯ ಸಂಸ್ಥೆ, ವರಮಾನದ ಮೇಲೆ ಕೇಂದ್ರ ಸರ್ಕಾರ. ಕರ್ನಾಟಕದಲ್ಲಿ 45 ಲಕ್ಷ ರೂಪಾಯಿಗೆ ಮೇಲ್ಪಟ್ಟ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಣ ಉಪಕರ ಮತ್ತು ಅಧಿಭಾರಗಳು ಸೇರಿ ನಗರಗಳಲ್ಲಿ ಶೇ. 5.6 ಆಗುತ್ತದೆ. ಬಹುಕಾಲ ಶೇ. 1 ಇದ್ದ ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿತು. ಗಡಿ ದಾಟಿ ಹೊಸೂರಿನಲ್ಲಿ ಮನೆ ಕೊಂಡರೆ ತಮಿಳುನಾಡಿನ ಮುದ್ರಾಂಕ ಶುಲ್ಕ ಶೇ. 7, ನೋಂದಣಿ ಶುಲ್ಕ ಶೇ. 2. ಮನೆಯ ಬೆಲೆಯನ್ನು ಮಾತ್ರ ಹೋಲಿಸಿ ನೋಡುವವನು ಈ ವ್ಯತ್ಯಾಸವನ್ನು ಮರೆಯುವುದುಂಟು.

ಉದಾಹರಣೆಗೆ ಬೆಂಗಳೂರಿನಲ್ಲಿ 50 ಲಕ್ಷ ರೂಪಾಯಿಯ ಮನೆಯೊಂದನ್ನು ತೆಗೆದುಕೊಳ್ಳೋಣ. ಮುದ್ರಾಂಕ ಹಾಗೂ ನೋಂದಣಿಗೆ 3,80,000 ರೂಪಾಯಿ ಸಲ್ಲುತ್ತದೆ. ಕೊಂಡವನ ಕೈಬಿಟ್ಟ ಹಣ 53,80,000. ಬಾಡಿಗೆ ತಿಂಗಳಿಗೆ 14,000 ಎಂದಿಟ್ಟುಕೊಂಡರೆ, ನೋಂದಣಿಯ ದಿನ ಕಟ್ಟಿದ ಹಣವೇ ಎರಡು ವರ್ಷದ ಬಾಡಿಗೆಗಿಂತ ಅಧಿಕ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಬಿದ್ದರೆ ಬರುವುದು 1,54,000. ಆಸ್ತಿ ತೆರಿಗೆಗೆ 6,000 ಕಳೆದರೆ ಉಳಿದದ್ದು 1,48,000. ಇದರಲ್ಲಿ ಶೇ. 30ರಷ್ಟನ್ನು ಆದಾಯ ತೆರಿಗೆಯ ಕಾನೂನು ದುರಸ್ತಿ ಮುಂತಾದವುಗಳಿಗೆಂದು ಬಿಡುತ್ತದೆ. ಮಿಕ್ಕ 1,03,600ಕ್ಕೆ ಶೇ. 20ರ ಹಂತದಲ್ಲಿರುವವನು ಉಪಕರವೂ ಸೇರಿ ಸುಮಾರು 21,500 ಕಟ್ಟಬೇಕು. ಸುಣ್ಣಬಣ್ಣ, ನಲ್ಲಿ, ವಿದ್ಯುತ್ತಿನ ದುರಸ್ತಿಗಳಿಗೆ 15,000 ತೆಗೆದಿಟ್ಟರೆ ಕೊನೆಗೆ ಕೈಯಲ್ಲಿ ನಿಲ್ಲುವುದು 1,11,500ರ ಆಸುಪಾಸು. ಹಾಕಿದ ಹಣಕ್ಕೆ ನೂರಕ್ಕೆ ಎರಡು ರೂಪಾಯಿಗಿಂತ ತುಸು ಹೆಚ್ಚು! ಅಂಕಿಗಳು ಊರಿನಿಂದ ಊರಿಗೆ ಬದಲಾಗಬಹುದು. ಲೆಕ್ಕದ ಕ್ರಮ ಬದಲಾಗುವುದಿಲ್ಲ. ಉಳಿದ ಲಾಭವೆಲ್ಲ ಮುಂದೆ ಆಸ್ತಿಯ ಬೆಲೆ ಏರುವುದೆಂಬ ಭರವಸೆಯ ಮೇಲೆ ನಿಂತಿದೆ.

ಆ ಭರವಸೆಯನ್ನು ಕಾಯುವುದು ಊರಿನ ದುಡಿಮೆ. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಆ ಬಳಿಕ ಅಲ್ಲಿನ ಸಾವಿರಾರು ಮಂದಿ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವಂತಾಯಿತು. ಭದ್ರಾವತಿಯನ್ನು ಬೆಳೆಸಿದವು ಕಬ್ಬಿಣದ ಕಾರ್ಖಾನೆ ಮತ್ತು ಕಾಗದದ ಕಾರ್ಖಾನೆ. 2015-16ರ ವೇಳೆಗೆ ಕಾಗದದ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿದ್ದಾಗ ಕಾರ್ಮಿಕರಷ್ಟೇ ಅಲ್ಲ, ಅವರಿಗೆ ಮನೆ ಕೊಟ್ಟವರೂ ದಿನಸಿ ಮಾರುವವರೂ ತಲ್ಲಣಿಸಿದರು. ಬಳ್ಳಾರಿ ಜಿಲ್ಲೆಯಲ್ಲಿ ಅದಿರಿನ ಭರಾಟೆಯನ್ನು ನಂಬಿ ಎದ್ದ ಕಟ್ಟಡಗಳೆಷ್ಟೋ! 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳೊಂದಿಗೆ ಆ ಭರಾಟೆಯೂ ನಿಂತಿತು. ಬೆಂಗಳೂರೂ ಇದಕ್ಕೆ ಹೊರತಲ್ಲ. 2020ರಲ್ಲಿ ನೌಕರರು ತಮ್ಮ ತಮ್ಮ ಊರುಗಳಿಗೆ ಮರಳಿದಾಗ ಬಡಾವಣೆಗಳ ತುಂಬ ಬಾಡಿಗೆ ಫಲಕಗಳು ತೂಗಿದವು. 2022ರಿಂದ ಅದೇ ಬಡಾವಣೆಗಳಲ್ಲಿ ಬಾಡಿಗೆ ವೇಗವಾಗಿ ಏರಿತು. ಧಾರವಾಡ, ಮಣಿಪಾಲ, ಮೂಡುಬಿದಿರೆಗಳಲ್ಲಿ ವಿದ್ಯಾರ್ಥಿಗಳೇ ಬಾಡಿಗೆದಾರರು. ರಜೆಯ ತಿಂಗಳುಗಳಲ್ಲಿ ಕೋಣೆಗಳು ಬರಿದಾಗುತ್ತವೆ. ಒಂದೇ ಕಸುಬನ್ನು ನಂಬಿದ ಊರಿನಲ್ಲಿ ಮನೆ ಕೊಳ್ಳುವವನು ಆ ಕಸುಬಿನಲ್ಲಿಯೂ ಪಾಲುದಾರನಾದಂತೆಯೇ ಸರಿ.

ಊರಿನ ಇಳಿಗತಿಯೂ ತೆರಿಗೆಯ ಏರುಗತಿಯೂ ಒಟ್ಟಿಗೆ ಬರಬಹುದೆಂಬುದು ಇನ್ನೂ ಸೂಕ್ಷ್ಮವಾದ ಸಂಗತಿ. ರಾಜ್ಯದ ಹೆಚ್ಚಿನ ಪಟ್ಟಣಗಳಲ್ಲಿ ಆಸ್ತಿ ತೆರಿಗೆಗೆ ಆಧಾರ ಸರ್ಕಾರದ ಮಾರ್ಗಸೂಚಿ ಬೆಲೆಯೇ ಹೊರತು ಕೈಗೆ ಬರುವ ಬಾಡಿಗೆಯಲ್ಲ. 2023ರ ಅಕ್ಟೋಬರ್ 1ರಿಂದ ಮಾರ್ಗಸೂಚಿ ಬೆಲೆಗಳು ರಾಜ್ಯದಾದ್ಯಂತ ಪರಿಷ್ಕೃತವಾದವು. ಬೆಲೆ ಪರಿಷ್ಕೃತವಾದಂತೆ ಬಾಡಿಗೆಯೂ ಏರಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಇಲ್ಲಿಂದ ಮುಂದೆ ಪ್ರಲೋಭನೆಯ ದಾರಿ ತೆರೆಯುತ್ತದೆ. ಬೆಂಗಳೂರಿನಲ್ಲಿ 2008ರಲ್ಲಿ ಜಾರಿಗೆ ಬಂದ ಪದ್ಧತಿಯು ಬಾಡಿಗೆಗೆ ಕೊಟ್ಟ ಮನೆಗೆ ಮಾಲೀಕನೇ ವಾಸಿಸುವ ಮನೆಯ ಇಮ್ಮಡಿ ದರವನ್ನು ವಿಧಿಸಿತು. ಘೋಷಣೆ ಮಾಲೀಕನದೇ ಆದ್ದರಿಂದ ಸ್ವಂತ ವಾಸವೆಂದು ಬರೆದುಕೊಡುವುದು ಸುಲಭ. ಕ್ರಯಪತ್ರದಲ್ಲಿ ಮಾರ್ಗಸೂಚಿ ಬೆಲೆಯಷ್ಟನ್ನೇ ಕಾಣಿಸಿ ಉಳಿದದ್ದನ್ನು ನಗದಾಗಿ ಕೊಡುವುದೂ, ಬಾಡಿಗೆಯನ್ನು ನಗದಿನಲ್ಲಿಯೇ ಪಡೆದು ರಸೀತಿ ನಿರಾಕರಿಸುವುದೂ ಇದೇ ಜಾತಿಯವು. ಇವುಗಳನ್ನು ಕಳ್ಳತನವೆಂದು ಕರೆಯಲು ಮನಸ್ಸು ಹಿಂಜರಿಯುತ್ತದೆ. ಎಲ್ಲರೂ ಮಾಡುವ ವ್ಯವಹಾರವೆಂದು ಸಮಾಧಾನ ಹೇಳಿಕೊಳ್ಳುತ್ತದೆ. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವನ್ನೂ ಎಣಿಸಿದೆ. ತಕ್ಕಡಿಯಲ್ಲಿ ಮೋಸ ಮಾಡುವುದು, ಕಲಬೆರಕೆ ಮಾಡುವುದು ಯಾವ ಸಾಲಿನಲ್ಲಿವೆಯೋ ರಾಜ್ಯದ ಕಟ್ಟಳೆಯನ್ನು ಮೀರುವುದೂ ಅದೇ ಸಾಲಿನಲ್ಲಿದೆ. ಅಂಗಡಿಯಲ್ಲಿ ಒಂದು ಗುಂಜಿ ತೂಕ ತಪ್ಪದವನು ಮನೆಯ ಘೋಷಣಾಪತ್ರದಲ್ಲಿ ತಪ್ಪಬಹುದೇ?

ಈ ತಪ್ಪಿನ ಹೊರೆ ಸರ್ಕಾರದ ಮೇಲೆ ಮಾತ್ರ ಬೀಳುವುದೂ ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಕೇಳುವ ನೌಕರನು ವಾರ್ಷಿಕ ಬಾಡಿಗೆ ಒಂದು ಲಕ್ಷ ಮೀರಿದರೆ ಮಾಲೀಕನ ಪಾನ್ ಸಂಖ್ಯೆಯನ್ನು ಒದಗಿಸಬೇಕು. ಮಾಲೀಕನು ಅದನ್ನು ಕೊಡದಿದ್ದರೆ ನ್ಯಾಯವಾಗಿ ತನಗೆ ಸಲ್ಲಬೇಕಾದ ವಿನಾಯಿತಿಯನ್ನು ಆ ನೌಕರನು ಕಳೆದುಕೊಳ್ಳುತ್ತಾನೆ. ಒಬ್ಬನು ಉಳಿಸಿದ ತೆರಿಗೆಯನ್ನು ಇನ್ನೊಬ್ಬನು ತೆತ್ತಂತಾಯಿತು. ಸಂಬಳವನ್ನೇ ನಂಬಿದ, ಮನೆ ಬಿಟ್ಟರೆ ಎಲ್ಲಿ ಹೋಗಲೆಂದು ಅಂಜುವ ಕುಟುಂಬಕ್ಕೆ ಇದನ್ನು ಪ್ರಶ್ನಿಸುವ ಧೈರ್ಯವಾದರೂ ಎಲ್ಲಿಯದು? ಅನ್ಯರಿಗೆ ನೋವಾಗದಂತೆ ಬಾಳಬೇಕೆಂಬ ಮಾತು ಆಹಾರಕ್ಕೆ ಮಾತ್ರ ಅನ್ವಯಿಸುವುದಲ್ಲ.

ಬಸದಿಗಳ ಆಡಳಿತ ಮಂಡಳಿಗಳೂ ಈ ವಿಚಾರದಿಂದ ದೂರವಿಲ್ಲ. ಧರ್ಮದತ್ತಿಯ ಮಳಿಗೆಯನ್ನು ಧರ್ಮದರ್ಶಿಗೋ ಅವನ ಬಂಧುವಿಗೋ ಯೋಗ್ಯ ಬಾಡಿಗೆಗಿಂತ ಕಡಿಮೆಗೆ ಕೊಟ್ಟರೆ ಆದಾಯ ತೆರಿಗೆಯ ವಿನಾಯಿತಿಗೇ ಧಕ್ಕೆ ಬರುತ್ತದೆ. ನೋಂದಾಯಿತ ದತ್ತಿಯು ಸಾರ್ವಜನಿಕ ಧಾರ್ಮಿಕ ಸ್ಥಳದ ಆವರಣದೊಳಗಿನ ಕಟ್ಟಡವನ್ನು ಬಾಡಿಗೆಗೆ ಕೊಟ್ಟಾಗ ಜಿ.ಎಸ್.ಟಿ. ವಿನಾಯಿತಿಯುಂಟು, ಆದರೆ ಮಳಿಗೆಯ ಬಾಡಿಗೆ ತಿಂಗಳಿಗೆ 10,000, ಕೋಣೆಯದು ದಿನಕ್ಕೆ 1,000, ಸಭಾಭವನದ್ದು ದಿನಕ್ಕೆ 10,000 ರೂಪಾಯಿ ಮುಟ್ಟಿದರೆ ಆ ವಿನಾಯಿತಿ ಅನ್ವಯಿಸದು. ಪೂಜೆಗೂ ವಿದ್ಯಾದಾನಕ್ಕೂ ಸಲ್ಲಬೇಕಾದ ಧನ ಇದಾದ್ದರಿಂದ, ಹಳೆಯ ಪರಿಚಯದ ದಾಕ್ಷಿಣ್ಯಕ್ಕೆ ಒಳಗಾಗಿ ಬಾಡಿಗೆಯನ್ನು ವರ್ಷಾನುಗಟ್ಟಲೆ ಪರಿಷ್ಕರಿಸದಿರುವುದು ಔದಾರ್ಯವೆನಿಸದು. ದಾನಿಗಳ ಆಶಯಕ್ಕೆ ಅದು ಅಪಚಾರ.

ಮನೆ ಕೊಂಡು ಬಾಡಿಗೆಗೆ ಕೊಡುವುದು ದೋಷವಲ್ಲ. ಸೂರಿಲ್ಲದವನಿಗೆ ಸೂರು ಒದಗಿಸುವ ವ್ಯವಹಾರವದು. ಕಟ್ಟಿದ ತೆರಿಗೆಯಿಂದ ಊರಿನ ರಸ್ತೆಯೂ ನೀರೂ ದೀಪವೂ ನಡೆಯುತ್ತವೆ, ಅವುಗಳಿಂದಲೇ ಆ ಮನೆಗೆ ಬೆಲೆಯೂ ಬರುತ್ತದೆ. ಆದರೆ ಪರಿಗ್ರಹಕ್ಕೆ ಪರಿಮಿತಿ ಹಾಕಿಕೊಳ್ಳುವಾಗ ಶಾಸ್ತ್ರಕಾರರು ಮೊದಲು ಹೆಸರಿಸಿದ್ದು ಕ್ಷೇತ್ರ ಮತ್ತು ವಾಸ್ತುಗಳನ್ನೇ, ಅಂದರೆ ಹೊಲವನ್ನೂ ಮನೆಯನ್ನೂ ಎಂಬುದು ಸ್ಮರಣೀಯ. ಆ ಪರಿಮಿತಿಯನ್ನು ಅಳೆಯಲು ಇಂದಿನ ಗೃಹಸ್ಥನಿಗೆ ಸರಳವಾದ ಅಳತೆಗೋಲೊಂದಿದೆ. ಕೊಳ್ಳುವ ಮುನ್ನ ಕಾಗದದ ಮೇಲೆ ನಿಜವಾದ ಬೆಲೆಯನ್ನು ಬರೆಯಲಿ. ಮೂರು ತೆರಿಗೆಗಳನ್ನೂ ಪೂರ್ತಿ ಕಳೆಯಲಿ. ವರ್ಷದಲ್ಲಿ ಎರಡು ತಿಂಗಳು ಮನೆ ಬರಿದಾಗಿದೆಯೆಂದು ಭಾವಿಸಲಿ. ಊರಿನ ಮುಖ್ಯ ಕಸುಬು ಹತ್ತು ವರ್ಷ ನಿಂತೀತೇ ಎಂದು ವಿಚಾರಿಸಲಿ. ಇಷ್ಟಾದ ಮೇಲೂ ಮಿಗುವ ಆದಾಯದಲ್ಲಿ ಮನಸ್ಸು ತೃಪ್ತವಾದರೆ ಕೊಳ್ಳಲಿ. ತೆರಿಗೆಯನ್ನು ಮರೆಸಿದರೆ ಮಾತ್ರ ಗಿಟ್ಟುವ ಮನೆಯಾದರೆ, ಅದು ತನ್ನ ಶಕ್ತಿಗೂ ತನ್ನ ವ್ರತಕ್ಕೂ ಮೀರಿದ್ದೆಂದು ತಿಳಿದು ಬಿಟ್ಟುಬಿಡಲಿ. ಮಕ್ಕಳಿಗೆ ಒಂದು ಮನೆ ಕಡಿಮೆಯಾದೀತು. ಉತ್ತರ ಹೇಳಬೇಕಾದ ಕಾಗದಪತ್ರಗಳೂ ಅಷ್ಟೇ ಕಡಿಮೆಯಾದಾವು.