ಮಾವನ ಕೋಲು (ಸ್ಟ್ಯಾಟ್ಸ್ ಕ್ಲಾಸಿನಾಚೆ, ಭಾಗ 4)

ಫೋಟೋದಲ್ಲಿರೋ ಕೋಲು ನಮ್ಮ ಮಾವಂದು. ತುದೀಲಿ ಕಬ್ಬಿಣ ಇದೆ ನೋಡಿ. ಈಗ ಅತ್ತೆ ಅದ್ರಲ್ಲಿ ಸೀಬೆಹಣ್ಣು ಕೀಳ್ತಾರೆ.

ಮಾವ ತೆಲಂಗಾಣದ ಒಂದು ಕಲ್ಲಿದ್ದಲು ಗಣೀಲಿ ಮೈನಿಂಗ್ ಸರ್ದಾರ್ ಆಗಿದ್ರು. ಕೆಲಸದವರು ಒಳಗೆ ಹೋಗೋ ಮುಂಚೆ ಜಾಗ ಸೇಫಾ ಅಂತ ನೋಡೋದು ಅವರ ಡ್ಯೂಟಿ. ಕೋಲಿಂದ ಚಾವಣಿ ತಟ್ಟೋದು. ಗಟ್ಟಿ ಕಲ್ಲು 'ಠಣ್' ಅನ್ನತ್ತೆ. ಪದರ ಬಿಟ್ಕೊಂಡಿದ್ರೆ ಖಾಲಿ ಡಬ್ಬದ ಸದ್ದು.

ಈ ಸೆಮ್ ಸ್ಟ್ಯಾಟಿಸ್ಟಿಕ್ಸ್ ಪ್ರಾಜೆಕ್ಟಿಗೆ ಇದನ್ನೇ ತಗೊಂಡೆ. ಧನಬಾದ್‌ನ ಗಣಿ ವಿಜ್ಞಾನಿಗಳು ಚಾವಣಿಗೆ 100ಕ್ಕೆ ಮಾರ್ಕ್ಸ್ ಕೊಡೋ ಪದ್ಧತಿ ಮಾಡಿದ್ದಾರೆ. ಪದರದ ದಪ್ಪಕ್ಕೆ 30, ಬಿರುಕು-ಸೀಳುಗಳಿಗೆ 25, ನೀರು ತಾಗಿದ್ರೆ ಕಲ್ಲು ಎಷ್ಟು ಸವೆಯತ್ತೆ ಅನ್ನೋದಕ್ಕೆ 20, ಕಲ್ಲಿನ ಬಲಕ್ಕೆ 15, ಒಸರೋ ನೀರಿಗೆ 10. ಮಾರ್ಕ್ಸ್ ನೋಡಿ ಎಷ್ಟು ರೂಫ್ ಬೋಲ್ಟ್, ಎಷ್ಟು ಕಂಬ ಅಂತ ಲೆಕ್ಕ. ಟೆಲ್‌ಟೇಲ್ ಅಂತ ಒಂದು ಸಾಧನಾನೂ ಇದೆ. ಚಾವಣಿ ಕೆಳಗೆ ಜಗ್ಗಿದ ಹಾಗೆ ಹಸಿರು, ಹಳದಿ, ಕೆಂಪು ಪಟ್ಟಿ ತೋರಿಸತ್ತೆ.

ನಾನು ಖುಷಿಯಾಗಿ ಮಾವಂಗೆ ಫೋನ್ ಮಾಡ್ದೆ. "ಮಾವ, 99 ಪರ್ಸೆಂಟ್ ಕರೆಕ್ಟಾಗಿ ಹೇಳೋ ಮಾಡೆಲ್ ಮಾಡಬಹುದು!"

"ನೂರು ದಿನದಲ್ಲಿ ಒಂದೇ ದಿನ ಬೀಳತ್ತೆ ಅಂದ್ಕೋ. ದಿನಾ 'ಏನೂ ಆಗಲ್ಲ' ಅಂದ್ರೂ ನೀನು 99 ಪರ್ಸೆಂಟ್ ಕರೆಕ್ಟೇ ಅಲ್ವಾ ಮಗಾ?"

ನಾನು ಸೈಲೆಂಟ್.

ಆಮೇಲೆ ಅವರೇ ಹೇಳಿದ್ರು. ಒಂದು ವರ್ಷ ಮೂರು ಸಲ ಸದ್ದು ಸರಿಯಿಲ್ಲ ಅಂತ ಎಲ್ಲರನ್ನೂ ಹೊರಗೆ ಕಳಿಸಿದ್ರಂತೆ. ಮೂರು ಸಲಾನೂ ಏನೂ ಬೀಳ್ಲಿಲ್ಲ. ಜೊತೆಯವರು ನಕ್ರು, ಮೇಲಿನವರು ಪ್ರೊಡಕ್ಷನ್ ಲಾಸ್ ಅಂತ ಗೊಣಗಿದ್ರು. ನಾಲ್ಕನೇ ಸಲ ಸದ್ದು ಡೌಟ್ ಇತ್ತು. ಕೆಲಸ ನಿಲ್ಲಿಸ್ಲಿಲ್ಲ. "ಒಂದು ಕಂಬ ತನ್ನಿ, ಕೊಡೋಣ" ಅಂದ್ರು ಅಷ್ಟೇ. ಕಂಬ ಬರೋ ಮುಂಚೆ ಚಪ್ಪಡಿ ಬಿತ್ತು. ಜೊತೆಯವರೊಬ್ಬರ ಕಾಲು ಹೋಯ್ತು.

"ಕೋಲು ತಪ್ಪು ಹೇಳ್ಲಿಲ್ಲ. ನಾನು ನಗೋರಿಗೆ ಹೆದರಿದೆ."

ಇಷ್ಟು ವರ್ಷದಲ್ಲಿ ಅತ್ತೆಗೂ ಹೇಳಿರಲಿಲ್ವಂತೆ.

ಕ್ಲಾಸಲ್ಲಿ ಟೈಪ್ 1, ಟೈಪ್ 2 ಎರರ್ ಅಂತ ಟೇಬಲ್ ಬರೀತೀವಿ, ಎರಡಕ್ಕೂ ಒಂದೇ ಸೈಜಿನ ಡಬ್ಬಿ. ಗಣೀಲಿ ಒಂದರ ಬೆಲೆ ಒಂದು ಶಿಫ್ಟು, ಇನ್ನೊಂದರ ಬೆಲೆ ಒಬ್ಬ ಮನುಷ್ಯ. ಸುಳ್ಳು ಎಚ್ಚರಿಕೆ ಕೊಟ್ಟವನನ್ನ ನೋಡಿ ನಕ್ಕರೆ, ಮುಂದಿನ ನಿಜವಾದ ಎಚ್ಚರಿಕೆನ ನಾವೇ ಬಾಯಿ ಮುಚ್ಚಿಸಿದ ಹಾಗೆ. ಮಾಡೆಲ್ ಎಷ್ಟೇ ಚೆನ್ನಾಗಿರ್ಲಿ, ಕೆಂಪು ಪಟ್ಟಿ ಕಂಡಾಗ ಕೆಲಸ ನಿಲ್ಲಿಸಿದವನಿಗೆ ಬೈಬಾರ್ದು ಅನ್ನೋದು ಮೊದಲು ಬೇಕು.

ಪ್ರಾಜೆಕ್ಟಿಂದ 'ಅಕ್ಯುರಸಿ' ಅನ್ನೋ ಕಾಲಂ ತೆಗೆದೆ. 'ಎಷ್ಟು ಕುಸಿತ ಮೊದಲೇ ಗೊತ್ತಾಯ್ತು, ಎಷ್ಟು ತಪ್ಪಿಹೋಯ್ತು' ಅಂತ ಹಾಕಿದೀನಿ. ಮಾರ್ಕ್ಸ್ ಎಷ್ಟು ಬರತ್ತೋ ನೋಡೋಣ.

ನೀವೂ ಯಾವಾಗಾದ್ರೂ ನಗ್ತಾರೆ ಅಂತ ಹೇಳದೆ ಸುಮ್ಮನಾಗಿದ್ದೀರಾ? ಕಾಮೆಂಟಲ್ಲಿ ಬರೀರಿ, ಮಾವಂಗೆ ಓದಿ ಹೇಳ್ತೀನಿ.

#ಸ್ಟ್ಯಾಟ್ಸ್‌ಕ್ಲಾಸಿನಾಚೆ #ಬಿಕಾಂಡೈರಿ #ಕಲ್ಲಿದ್ದಲು